ಏಳು ಕಿಲೋಮೀಟರ್ ಎಲ್ಲಿ ಹೋಯಿತು?

ಗಾಲಿಯಜ್ಜ ಕಾರಿನ ಮುಂದಿನ ಚಕ್ರಕ್ಕೂ ಮೇಲಿನ ತಗಡಿಗೂ ನಡುವಿನ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿ ಕಣ್ಣು ಮುಚ್ಚಿಕೊಂಡ. ಅವನ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾನೋ ಅಥವಾ ಕಾರಿನೊಂದಿಗೇ ಮಾತಿಗಿಳಿದಿದ್ದಾನೋ ಕೂತು ನೋಡುತ್ತಿದ್ದ ಮಹಿಳಾ ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ.

“ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗ್ಸು ಪುಟ್ಟಿ,” ಎಂದ.

ಪುಟ್ಟಿ ಎಂದರೆ ಮೂವತ್ತೆರಡು ವರ್ಷದ ಮಗಳು. ಚಕ್ರದ ನೇರ ನೋಡುವ ಯಂತ್ರ, ಕಾರನ್ನು ಎತ್ತಿ ಹಿಡಿಯುವ ಲಿಫ್ಟು, ಅಂಗಡಿಯ ಬೀಗದ ಕೈ ಎಲ್ಲವೂ ಈಗ ಅವಳ ಸುಪರ್ದಿನಲ್ಲಿದ್ದವು. ಅಪ್ಪನ ಬಾಯಲ್ಲಿ ಮಾತ್ರ ಅವಳು ಪುಟ್ಟಿಯಾಗಿಯೇ ಉಳಿದಿದ್ದಳು. ಅಜ್ಜನ ಕಣ್ಣಿನ ಪೊರೆ ತೆಗೆದು ಇನ್ನೂ ಒಂಬತ್ತು ದಿನ; ಬಗ್ಗಕೂಡದು ಎಂದು ಡಾಕ್ಟರು ಗದರಿ ಕಳಿಸಿದ್ದರು. ಅದಕ್ಕೇ ಅವಳು ಕಾರನ್ನೇ ಅಪ್ಪನ ಎದೆಮಟ್ಟಕ್ಕೆ ಎತ್ತಿ ನಿಲ್ಲಿಸಿದ್ದಳು.

ಆ ಒಂಬತ್ತು ದಿನದ ಲೆಕ್ಕ ಇನ್ಸ್‌ಪೆಕ್ಟರಿಗೂ ಬಾಯಿಪಾಠವಾಗಿತ್ತು. ಅಜ್ಜ ಆಸ್ಪತ್ರೆಯಲ್ಲಿ ಮಲಗಿದ್ದ ದಿನವೇ ಗಿರಣಿಯಮ್ಮ ತನ್ನ ಹಳೆಯ ಎಣ್ಣೆಗಿರಣಿಯ ಅಂಗಳದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದಳು. ರಾತ್ರಿ ಏಳಕ್ಕೆ ಹೆಣ ಕಂಡವನು ಗಿರಣಿಯ ವಾಚ್‌ಮನ್. ಬೀಗದ ಕೈ ಅವನದು, ಹಿಂದಿನ ವಾರ ಯಜಮಾನಿಯ ಜೊತೆ ಜಗಳವಾಡಿದ್ದವನೂ ಅವನೇ. ಮೇಲಿನವರಿಗೆ ಅಷ್ಟು ಸಾಕಾಗಿತ್ತು. ಇವತ್ತು ಸಂಜೆ ಐದು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಅವನ ದಾರಿ ನೇರ ಜೈಲಿಗೆ.

ಆ ವಾಚ್‌ಮನ್ ಕೊಂದಿಲ್ಲ ಎಂದು ಇನ್ಸ್‌ಪೆಕ್ಟರಿನ ಒಳಮನಸ್ಸು ಒಂದೇ ಸಮ ಹೇಳುತ್ತಿತ್ತು. ಒಳಮನಸ್ಸನ್ನು ಕಟಕಟೆ ಹತ್ತಿಸಿ ಸಾಕ್ಷಿ ಹೇಳಿಸಲು ಬರುವುದಿಲ್ಲವಲ್ಲ. ಗಂಟೆ ಆಗಲೇ ಮೂರೂಕಾಲು.

ಆಕೆಗೆ ಅನುಮಾನವಿದ್ದದ್ದು ಗಿರಣಿಯಮ್ಮನ ಸೋದರಳಿಯನ ಮೇಲೆ. ಅವನೋ ಬೆಣ್ಣೆ ಹಚ್ಚಿದಂಥ ಮಾತಿನವನು. ಅಂದು ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆಯ ಕಾರು ತೆಗೆದುಕೊಂಡು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿದ್ದೆ, ಐದಕ್ಕೆ ತಂದು ಅತ್ತೆಯ ಮನೆ ಮುಂದೆ ನಿಲ್ಲಿಸಿದೆ, ಅತ್ತೆ ಬಸ್ಸಿನಲ್ಲಿ ಗಿರಣಿಗೆ ಹೋಗಿರಬೇಕು, ಇದಿಷ್ಟೇ ಅವನ ಹೇಳಿಕೆ. ಅದಕ್ಕೆ ಸಾಕ್ಷಿ ಕಾರಿನ ಮೀಟರು. ಅಂದು ಬೆಳಿಗ್ಗೆ ಸರ್ವಿಸ್ ಮುಗಿದಾಗ ರಸೀದಿಯಲ್ಲಿ ಬರೆದ ಅಂಕಿಗೂ, ರಾತ್ರಿ ಎಂಟಕ್ಕೆ ಪೊಲೀಸರು ಕಾರು ವಶಪಡಿಸಿಕೊಂಡಾಗ ಬರೆದ ಅಂಕಿಗೂ ವ್ಯತ್ಯಾಸ ಎಂಬತ್ತೈದು ಕಿಲೋಮೀಟರ್. ಪ್ರೆಸ್ಸಿಗೆ ಹೋಗಿ ಬಂದರೆ ಸರಿಯಾಗಿ ಎಂಬತ್ತೈದು. ಗಿರಣಿಗೆ ಹೋಗಿ ಬಂದಿದ್ದರೆ ತೊಂಬತ್ತೆರಡು ಆಗಬೇಕಿತ್ತು. ಇನ್ಸ್‌ಪೆಕ್ಟರ್ ಎರಡು ರಸ್ತೆಯಲ್ಲೂ ತಾನೇ ಜೀಪು ಓಡಿಸಿ ಅಳೆದಿದ್ದಳು, ಅದೂ ಮೂರು ಮೂರು ಸಲ. ಆ ಏಳು ಕಿಲೋಮೀಟರು ಅಳಿಯನ ಮುಂದೆ ಕೋಟೆಗೋಡೆಯ ಹಾಗೆ ನಿಂತಿತ್ತು.

ಅದೂ ಸಾಲದೆಂದು ಅವನು ಕೋರ್ಟಿನಿಂದ ಕಾರು ಬಿಡಿಸಿಕೊಳ್ಳುವ ಆದೇಶವನ್ನೂ ತಂದಿದ್ದ. ನಾಲ್ಕಕ್ಕೆ ಬಂದು ಒಯ್ಯುತ್ತೇನೆಂದು ಫೋನು ಮಾಡಿದ್ದ. ಕೈ ಬಿಟ್ಟುಹೋಗುವ ಮೊದಲು ಒಮ್ಮೆ ಗಾಲಿಯಜ್ಜನಿಗೆ ತೋರಿಸಿ ನೋಡಿ ಎಂದದ್ದು ಠಾಣೆಯ ಜೀಪಿನ ಡ್ರೈವರ್. ಮುಳುಗುವವಳಿಗೆ ಅಷ್ಟು ಸಾಕಾಯಿತು.

ಬಂದಕೂಡಲೇ ಅಜ್ಜ ಮೂಲೆಯಲ್ಲಿ ಕ್ಯಾನ್ವಾಸ್ ಹೊದಿಸಿದ್ದ ಟೈರಿನ ಅಟ್ಟಿ ತೋರಿಸಿ ಕೂರಲು ಹೇಳಿದ್ದ. ಅದು ಬೇಡ, ಮಸಿ ಹತ್ತುತ್ತದೆ ಎಂದು ಮಗಳು ಓಡಿಹೋಗಿ ಸ್ಟೂಲು ತಂದಿದ್ದಳು. ಸ್ಟೂಲಿನ ಒಂದು ಕಾಲು ಗಿಡ್ಡ. ಇನ್ಸ್‌ಪೆಕ್ಟರ್ ನಕ್ಕು ಟೈರಿನ ಮೇಲೆಯೇ ಕೂತಿದ್ದಳು.

“ತಾಯಿ, ಸ್ವಲ್ಪ ಇಲ್ಲಿ ಬನ್ನಿ,” ಎಂದ ಅಜ್ಜ ಈಗ. “ನಿಮ್ಮ ಕೈ ಕೊಡಿ.”

ಆಕೆಯ ಬೆರಳುಗಳನ್ನು ಹಿಡಿದು ಒಳಗೆ ಒಯ್ದ. ಚಕ್ರದ ಮೇಲಿನ ಆ ಗೂಡಿನಲ್ಲಿ ಕೆಸರು ಸಿಡಿಯದಂತೆ ಕಪ್ಪು ಪ್ಲಾಸ್ಟಿಕ್ಕಿನ ಒಳಕವಚವೊಂದಿತ್ತು. ಎಲ್ಲ ಕಡೆ ಅದು ಒರಟು. ಒಂದು ಕಡೆ ಮಾತ್ರ, ಬಿಲ್ಲಿನಂತೆ ಬಾಗಿದ ಒಂದು ಪಟ್ಟೆಯಷ್ಟು, ಗಾಜಿನ ಹಾಗೆ ನುಣುಪಾಗಿತ್ತು. ಬೆರಳು ಹೊರಗೆ ತೆಗೆದಾಗ ತುದಿಗೆ ರಬ್ಬರಿನ ಮಸಿ ಹತ್ತಿತ್ತು.

ಇದನ್ನು ಉಜ್ಜಿದ್ದು ಟೈರು ಎಂದ ಅಜ್ಜ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜಿದೆ. ಹಾಗಾದರೆ ಈಗಲೂ ಉಜ್ಜಬೇಕಲ್ಲ, ಸ್ಟೇರಿಂಗ್ ಪೂರ್ತಿ ತಿರುಗಿಯೇ ಇದೆ. ಅವನು ತನ್ನ ಎರಡು ಬೆರಳನ್ನು ಜೋಡಿಸಿ ಆ ಗುರುತಿಗೂ ಟೈರಿಗೂ ನಡುವೆ ಇಳಿಬಿಟ್ಟ. ಎರಡೂ ಬೆರಳು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂದವು.

“ಈ ಚಕ್ರ ಆ ಜಾಗ ಮುಟ್ಟೋಕೆ ಸಾಧ್ಯ ಇಲ್ಲ ತಾಯಿ. ಮುಟ್ಟಿದ್ದು ಬೇರೆ ಚಕ್ರ. ಇದಕ್ಕಿಂತ ದೊಡ್ಡದು, ಇದಕ್ಕಿಂತ ಅಗಲ. ಉಜ್ಜಿದ ಮಸಿ ಇನ್ನೂ ಹಸಿಯಾಗಿದೆ.”

ಇನ್ಸ್‌ಪೆಕ್ಟರಿನ ಮೈಮೇಲೆ ಮುಳ್ಳೆದ್ದಿತು. ಇದೇ ಕಾರನ್ನು ಇಬ್ಬರು ಪರಿಣತರು ಬೆಳಕು ಬಿಟ್ಟು, ಫೋಟೋ ತೆಗೆದು, ನಲವತ್ತು ಪುಟದ ವರದಿ ಬರೆದುಕೊಟ್ಟಿದ್ದರು. ಎರಡು ಬೆರಳು ಯಾರೂ ಇಳಿಬಿಟ್ಟಿರಲಿಲ್ಲ.

ಚಕ್ರ ದೊಡ್ಡದಾದರೆ ಏನಾಗುತ್ತದೆ ಎಂದು ಕೇಳಿದಳು. ಕಾರು ಬೇರೆಯೇ ಪ್ರಾಣಿಯಾಗುತ್ತದೆ ಎಂದು ಅಜ್ಜ ಶುರುಮಾಡಿದ. ಸ್ಟೇರಿಂಗ್ ಭಾರವಾಗುತ್ತದೆ. ಅಗಲದ ಟೈರು ರಸ್ತೆಯಲ್ಲಿ ಗಾಲಿ ಜಾಡು ಕಂಡ ಕಡೆಗೆಲ್ಲ ಹಟಮಾರಿ ದನದ ಹಾಗೆ ಎಳೆಯುತ್ತದೆ. ಮೈ ಎತ್ತರವಾದ್ದರಿಂದ ತಿರುವಿನಲ್ಲಿ ವಾಲುತ್ತದೆ, ಏರು ಬಂದರೆ ಎಂಜಿನ್ ಏದುಸಿರು ಬಿಡುತ್ತದೆ, ಬ್ರೇಕು ಒತ್ತಿದರೂ ಇನ್ನೊಂದು ಮಾರು ಮುಂದೆ ಹೋಗಿಯೇ ನಿಲ್ಲುತ್ತದೆ. ಗೂಡಿನಲ್ಲಿ ಜಾಗ ಸಾಲದೆ ಪೂರ್ತಿ ತಿರುಗುವುದೂ ಇಲ್ಲ. ಮೊದಲು ಒಂದೇ ಸಲಕ್ಕೆ ತಿರುಗುತ್ತಿದ್ದ ಜಾಗದಲ್ಲಿ ಹಿಂದೆ ಮುಂದೆ ಮಾಡಿ ಮೂರು ಸಲ ಒದ್ದಾಡಬೇಕು, ಒದ್ದಾಡುವಾಗೆಲ್ಲ ಒಳಗೆ ಗರಗರ ಸದ್ದು.

“ಮೂರು ಸಲ,” ಎಂದಳು ಇನ್ಸ್‌ಪೆಕ್ಟರ್. ಆಕೆಯ ದನಿ ತಗ್ಗಿಹೋಗಿತ್ತು.

ವಾಚ್‌ಮನ್ ಮೊದಲ ದಿನವೇ ಹೇಳಿದ್ದ. ಜ್ವರ ಬಂದು ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ, ಗಂಟೆ ಎಷ್ಟೆಂದು ಗೊತ್ತಿಲ್ಲ, ಅಮ್ಮನ ಕಾರಿನ ಸದ್ದು ಕೇಳಿತು. ಆದರೆ ಗೇಟಿನ ಒಳಗೆ ದಿನಾ ಒಂದೇ ಸುತ್ತಿಗೆ ತಿರುಗುವ ಕಾರು ಅಂದು ಮೂರು ಸಲ ಹಿಂದೆ ಮುಂದೆ ಆಯಿತು, ಏನೋ ಅರೆಯುವ ಸದ್ದು ಬಂತು. ಅವನ ಆ ಮಾತು ಕೇಳಿ ಠಾಣೆಯೆಲ್ಲ ನಕ್ಕಿತ್ತು. ಜ್ವರದಲ್ಲಿ ಕಂಡ ಕನಸಿಗೂ ಕೇಸಿನಲ್ಲಿ ಜಾಗ ಕೊಡಬೇಕೇ ಎಂದು ಮೇಲಿನವರು ಆ ಸಾಲನ್ನೇ ಹೊಡೆದುಹಾಕಿದ್ದರು. ಗೋಡೆಯಾಚೆ ಮಲಗಿದ್ದ ಬಡಪಾಯಿಯೊಬ್ಬ ಕಿವಿಯಲ್ಲಿ ಕೇಳಿದ್ದನ್ನು ಇಲ್ಲಿ ಈ ಮುದುಕ ಬೆರಳಿನಲ್ಲಿ ಓದಿಬಿಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಇನ್ಸ್‌ಪೆಕ್ಟರಿಗೆ ಯಾವುದಾದರೂ ದೇವರಿಗೆ ಕೈ ಮುಗಿಯಬೇಕೆನಿಸಿತು, ಎದುರಿಗಿದ್ದವನು ಗಾಲಿಯಜ್ಜನೊಬ್ಬನೇ.

“ಆದ್ರೆ ಅಜ್ಜ, ಮೀಟರು? ಗಿರಣಿಗೆ ಹೋಗಿದ್ರೆ ತೊಂಬತ್ತೆರಡು ತೋರಿಸ್ಬೇಕಿತ್ತು.”

ಅಜ್ಜನ ಮುಖದಲ್ಲಿ ನಗೆ ಕಾಣಿಸಿಕೊಂಡಿತು. ಕಾರಿನ ಈಗಿನ ಚಕ್ರವೊಂದನ್ನು ಬಿಚ್ಚಿಸಿದ. ಇನ್ನೊಂದು ದೊಡ್ಡ ಚಕ್ರ ತಾ ಎಂದು ಮಗಳಿಗೆ ಹೇಳಿ, ಇಷ್ಟು ಎತ್ತರದ್ದು ಎಂದು ಕೈಯಲ್ಲಿ ಅಳತೆ ತೋರಿಸಿದ. ಅಟ್ಟಿ ಕೈಗೆಟಕುವಷ್ಟು ಹತ್ತಿರವಿದ್ದರೂ ಅವಳು ಅಂಗಡಿಯ ಆ ತುದಿಯವರೆಗೆ ನಡೆದುಹೋಗಿ ಗೋಡೆಗೊರಗಿದ್ದ ಒಂದನ್ನು ಉರುಳಿಸಿಕೊಂಡು ಬಂದಳು. ಇನ್ಸ್‌ಪೆಕ್ಟರ್ ಅದನ್ನು ನೋಡಿದಳು, ಆದರೆ ಆಗ ಅದು ತಲೆಗೆ ಹೋಗಲಿಲ್ಲ.

ಅಜ್ಜ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ಎರಡೂ ಚಕ್ರದ ಬುಡಕ್ಕೆ ಒಂದೊಂದು ಚುಕ್ಕೆ ಇಟ್ಟು ಗೆರೆಯ ಮೇಲೆ ಅಕ್ಕಪಕ್ಕ ನಿಲ್ಲಿಸಿದ. ಒಂದನ್ನು ಮಗಳು, ಇನ್ನೊಂದನ್ನು ಇನ್ಸ್‌ಪೆಕ್ಟರ್ ಮೆಲ್ಲಗೆ ಉರುಳಿಸಿದರು. ಒಂದೇ ಒಂದು ಸುತ್ತು. ಚುಕ್ಕೆ ಮತ್ತೆ ನೆಲ ಮುಟ್ಟಿದ ಕಡೆ ಇಬ್ಬರೂ ನಿಂತರು.

ಚಿಕ್ಕ ಚಕ್ರ ನಿಂತಲ್ಲಿಂದ ದೊಡ್ಡದು ಮುಕ್ಕಾಲು ಗೇಣು ಮುಂದಿತ್ತು.

“ಮೀಟರಿಗೆ ಕಣ್ಣಿಲ್ಲ ತಾಯಿ. ಅದು ರಸ್ತೆ ನೋಡಲ್ಲ. ಸುತ್ತು ಎಣಿಸುತ್ತೆ ಅಷ್ಟೆ. ಒಂದು ಸುತ್ತಿಗೆ ಇಷ್ಟು ದಾರಿ ಅಂತ ಕಾರು ಮಾಡಿದವರು ಕಿವಿಯಲ್ಲಿ ಹೇಳಿ ಕಳಿಸಿರ್ತಾರೆ, ಅದನ್ನೇ ನಂಬ್ಕೊಂಡಿರುತ್ತೆ. ದೊಡ್ಡ ಚಕ್ರ ಹಾಕಿದ್ರೆ ಕಾರು ಜಾಸ್ತಿ ದೂರ ಹೋಗುತ್ತೆ, ಮೀಟರು ಹಳೇ ಲೆಕ್ಕವನ್ನೇ ಹೇಳ್ತಾ ಕೂತಿರುತ್ತೆ.”

ಇನ್ಸ್‌ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದು ಅಂಗೈಯ ಮೇಲೆಯೇ ಲೆಕ್ಕ ಹಾಕಿದಳು. ದೊಡ್ಡ ಚಕ್ರದ ಒಂದು ಸುತ್ತು ಎರಡು ಮೀಟರಿಗೆ ತುಸು ಮೇಲೆ. ತೊಂಬತ್ತೆರಡು ಕಿಲೋಮೀಟರಿಗೆ ನಲವತ್ತಮೂರು ಸಾವಿರ ಚಿಲ್ಲರೆ ಸುತ್ತು. ಸುತ್ತಿಗೆ ಮುಕ್ಕಾಲು ಗೇಣಿನಂತೆ ಕಳೆಯುತ್ತಾ ಹೋದರೆ ಕಳೆದುಹೋಗುವುದು ಏಳು ಕಿಲೋಮೀಟರು. ಉಳಿಯುವುದು ಎಂಬತ್ತೈದು.

ಆಕೆ ಮತ್ತೊಮ್ಮೆ ಗುಣಿಸಿದಳು. ಬೇರೆ ಉತ್ತರ ಬರಲಿಲ್ಲ. ಒಂಬತ್ತು ದಿನ ತಾನು ತಲೆ ಚಚ್ಚಿಕೊಂಡ ಕೋಟೆಗೋಡೆ ಈ ಎಣ್ಣೆಜಿಡ್ಡಿನ ನೆಲದ ಮೇಲೆ ಮುಕ್ಕಾಲು ಗೇಣಾಗಿ ಬಿದ್ದಿರುವುದನ್ನು ಆಕೆ ಕಣ್ಣು ಬಾಯಿ ಬಿಟ್ಟು ನೋಡುತ್ತ ನಿಂತಳು. ಜಗತ್ತು ಇಷ್ಟು ಸಣ್ಣ ಅಳತೆಗಳ ಮೇಲೆ ನಿಂತಿದೆಯೇ ಎಂದು ಹೆದರಿಕೆಯೂ ಆಯಿತು, ಸಂತೋಷವೂ ಆಯಿತು.

ಆ ಹೊತ್ತಿಗೆ ಬಾಗಿಲಲ್ಲಿ ನೆರಳು ಕಾಣಿಸಿತು. ಸೋದರಳಿಯ ಹೇಳಿದ ಹೊತ್ತಿಗಿಂತ ಹದಿನೈದು ನಿಮಿಷ ಮೊದಲೇ ಬಂದಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಕೋರ್ಟಿನ ಕಾಗದ. ಗಾಡಿಗೆ ಪೊಲೀಸರು ಉಚಿತವಾಗಿ ಚಕ್ರವನ್ನೂ ನೋಡಿಸುತ್ತಾರೆಂದು ತನಗೆ ಗೊತ್ತಿರಲಿಲ್ಲ ಎಂದು ನಕ್ಕ. ಯಾರೂ ನಗಲಿಲ್ಲ.

ಇನ್ಸ್‌ಪೆಕ್ಟರ್ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಒಳಕವಚದ ಮಸಿ, ಎರಡು ಬೆರಳಿನ ಸಂದಿ, ನೆಲದ ಮೇಲಿನ ಗೆರೆ. ಅಂದು ಈ ಕಾರು ಪ್ರೆಸ್ಸಿಗೆ ಹೋಗಿಲ್ಲ, ದೊಡ್ಡ ಚಕ್ರ ಹಾಕಿಕೊಂಡು ಗಿರಣಿಗೆ ಹೋಗಿ ಬಂದಿದೆ ಎಂದಳು.

ಅವನು ಗಮನವಿಟ್ಟು ಕೇಳಿದ. ಕೇಳುತ್ತ ಕೇಳುತ್ತ ಹುಬ್ಬೇರಿಸಿದ, ಆದರೆ ಮುಖ ಕಂದಲಿಲ್ಲ.

“ಕತೆ ಚೆನ್ನಾಗಿದೆ ಮೇಡಂ. ಆ ದೊಡ್ಡ ಚಕ್ರ ಎಲ್ಲಿದೆ? ಹಾಕಿದವರು ಯಾರು? ನನಗೆ ಪಂಕ್ಚರ್ ಆದ್ರೆ ಸ್ಟೆಪ್ನಿ ಬದಲಾಯಿಸೋಕೂ ಬರಲ್ಲ, ಊರಿಗೆಲ್ಲ ಗೊತ್ತು. ಉಜ್ಜಿದ ಗುರುತು ಯಾವ ಕಾಲದ್ದೋ ಏನೋ. ಇದನ್ನ ಹಿಡ್ಕೊಂಡು ನ್ಯಾಯಾಧೀಶರ ಮುಂದೆ ಹೋಗ್ತೀರಾ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಆಕೆಗೆ ಉರಿ. ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಇನ್ನೊಂದು ಗಂಟೆಯಲ್ಲಿ ವಾಚ್‌ಮನ್ ಕಟಕಟೆಯಲ್ಲಿರುತ್ತಾನೆ.

ಅಜ್ಜ ಚಕ್ರ ಬಿಚ್ಚಿದ ಕಡೆಗೆ ಹೋದ. ಹಾಕಿದವನ ಕೈ ಗುರುತು ಎಲ್ಲಾದರೂ ಇದ್ದೇ ಇರುತ್ತದೆ, ನಟ್ಟು ಬಿಗಿದ ರೀತಿಯಲ್ಲಾದರೂ ಸಿಕ್ಕೀತು ಎಂದು ಗೊಣಗಿದ. ಬರಿದಾದ ಬೋಲ್ಟುಗಳ ಮೇಲೆ ಬೆರಳಾಡಿಸಿದ. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಅವನ ಹೆಬ್ಬೆರಳು ನಿಂತುಬಿಟ್ಟಿತು.

ಅವನು ತಿರುಗಲಿಲ್ಲ. ಅವನ ಬೆನ್ನು ಕುಗ್ಗಿದ್ದನ್ನು ಇನ್ಸ್‌ಪೆಕ್ಟರ್ ಕಂಡಳು. ಏನಾಯಿತು ಎಂದು ಹತ್ತಿರ ಹೋದಳು. ಹೆಬ್ಬೆರಳಿನ ಅಂಚಿನಿಂದ ಹಳದಿ ಬಣ್ಣ ಇಣುಕುತ್ತಿತ್ತು. ಸೀಮೆಸುಣ್ಣ. ಒಮ್ಮೆ ಉಜ್ಜಿದರೆ ಸಾಕು, ಅಳಿಸಿಹೋಗುವಂಥದ್ದು.

ಅಜ್ಜ ಒಂದು ಸಲ ಮಗಳ ಕಡೆ ನೋಡಿದ. ಲಿಫ್ಟಿನ ಗುಂಡಿಯ ಬಳಿ ಅವಳು ಕಲ್ಲಾಗಿ ನಿಂತಿದ್ದಳು. ಆಮೇಲೆ ಆ ಮುದುಕ ಹೆಬ್ಬೆರಳನ್ನು ಉಜ್ಜದೆ, ಅಲುಗಿಸದೆ, ನೇರವಾಗಿ ಹಿಂದಕ್ಕೆ ತೆಗೆದ.

“ನೋಡಿ ತಾಯಿ. ಇದು ನಮ್ಮ ಅಂಗಡಿ ಗುರುತು.”

ಉಳಿದದ್ದನ್ನು ಅವನು ತಡೆತಡೆದು ಹೇಳಿದ. ಚಕ್ರ ಬಿಚ್ಚುವ ಮೊದಲು ಗಾಳಿ ತುಂಬುವ ಮೂತಿಗೆ ಯಾವ ಬೋಲ್ಟು ಹತ್ತಿರವೋ ಅದಕ್ಕೆ ಹಳದಿ ಚುಕ್ಕೆ ಇಡಬೇಕು. ಮತ್ತೆ ಹಾಕುವಾಗ ಮೂತಿ ಅದೇ ಚುಕ್ಕೆಗೆ ಬರಬೇಕು. ಹಾಗೆ ಮಾಡಿದರೆ ಚಕ್ರದ ತೂಕ ತಪ್ಪುವುದಿಲ್ಲ, ಓಟದಲ್ಲಿ ನಡುಕ ಬರುವುದಿಲ್ಲ. ಊರಿನಲ್ಲಿ ಬೇರೆ ಯಾರೂ ಇಷ್ಟು ತಾಪತ್ರಯ ತೆಗೆದುಕೊಳ್ಳುವುದಿಲ್ಲ. ಅಂದು ಬೆಳಿಗ್ಗೆ ಸರ್ವಿಸ್ಸಿನಲ್ಲಿ ರಭಸದ ನೀರು ಬಿಟ್ಟು ತೊಳೆದ ಕಾರು. ಹಳೆಯ ಚುಕ್ಕೆ ಇದ್ದಿದ್ದರೂ ಉಳಿಯುತ್ತಿರಲಿಲ್ಲ. ಈ ಚುಕ್ಕೆ ತೊಳೆದ ಮೇಲೆ ಬಿದ್ದದ್ದು. ತಾನಂತೂ ಅಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ ಎಂದ.

ಈ ಕೆಲಸ ಅವನು ಕಲಿಸಿದ್ದು ಒಬ್ಬಳಿಗೆ ಮಾತ್ರ. ಕದ್ದುಮುಚ್ಚಿ ಹಾಕುವ ಚಕ್ರವನ್ನೂ ವಾರೆಯಾಗಿ ಹಾಕಲು ಬಾರದ ಕೈ ಅದು.

ಇನ್ಸ್‌ಪೆಕ್ಟರಿಗೆ ಕಣ್ಣು ತುಂಬಿ ಬಂತು. ತನ್ನ ಹದಿನೆಂಟು ವರ್ಷದ ಸರ್ವಿಸ್ಸಿನಲ್ಲಿ ಬೆರಳಿನ ಕೆಳಗಿದ್ದ ಸಾಕ್ಷಿಯನ್ನು, ಅದೂ ಹೆತ್ತ ಮಗಳ ಮೇಲಿನದನ್ನು, ಹೀಗೆ ಎತ್ತಿ ಕೊಟ್ಟವರನ್ನು ಆಕೆ ಕಂಡಿರಲಿಲ್ಲ.

“ಅಪ್ಪ, ನೀವು ಒರೆಸಿಬಿಡ್ತೀರ ಅಂದ್ಕೊಂಡಿದ್ದೆ,” ಎಂದಳು ಮಗಳು. “ಚಕ್ರ ಹುಡುಕಬೇಡಿ ಮೇಡಂ. ಅದರ ಮೇಲೇ ನೀವು ಕೂತಿದ್ರಿ.”

ಕ್ಯಾನ್ವಾಸ್ ಎಳೆದರೆ ನಾಲ್ಕು ದೊಡ್ಡ ಚಕ್ರ. ಮೇಲಿನ ಎರಡರ ಅಂಚಿನ ಮೇಲೆ ಸುತ್ತಲೂ ಸವೆದ ಗೀರು. ಅಜ್ಜ ಮುಟ್ಟಿ ನೋಡಿ ತಲೆಯಾಡಿಸಿದ.

ಹಾಕಿಸಿದವರು ಯಾರು ಎಂದು ಕೇಳುವಾಗ ಇನ್ಸ್‌ಪೆಕ್ಟರ್ ಅಳಿಯನ ಕಡೆಗೇ ನೋಡುತ್ತಿದ್ದಳು.

“ಇವರಲ್ಲ. ಗಿರಣಿಯಮ್ಮನೇ,” ಎಂದಳು ಮಗಳು. “ಬೆಳಿಗ್ಗೆ ಹತ್ತಕ್ಕೆ ಬಂದು ಹಾಕಿಸ್ಕೊಂಡ್ರು. ಅಳಿಯ ದಿನಾ ಮೀಟರು ನೋಡ್ತಾನೆ, ಗಿರಣಿಗೆ ಹೋದದ್ದು ಅವನಿಗೆ ತಿಳೀಬಾರದು ಅಂದ್ರು. ಯಾರ ಹತ್ರಾನೂ ಬಾಯಿ ಬಿಡಬಾರದು ಅಂತ ಭಾಷೆ ತಗೊಂಡ್ರು. ಸಂಜೆ ಐದೂವರೆಗೆ ಅವರೇ ವಾಪಸ್ ತಂದು ಹಳೇ ಚಕ್ರ ಹಾಕಿಸ್ಕೊಂಡು ಹೋದ್ರು.”

“ಸುಳ್ಳು,” ಎಂದ ಅಳಿಯ. ಅವನ ಬೆಣ್ಣೆಯ ದನಿ ಮೊದಲ ಬಾರಿಗೆ ಒಡೆದಿತ್ತು. “ಮಧ್ಯಾಹ್ನವೇ ಸತ್ತೋದವರು ಐದೂವರೆಗೆ ಹೇಗೆ ಬರ್ತಾರೆ?”

ಇನ್ಸ್‌ಪೆಕ್ಟರ್ ನಿಧಾನವಾಗಿ ಜೇಬಿನಿಂದ ಒಂದು ಲಕೋಟೆ ತೆಗೆದಳು. ಹೆಣ ಸಿಕ್ಕಿದ್ದು ಏಳಕ್ಕೆ. ಪತ್ರಿಕೆಗಳೆಲ್ಲ ಸಂಜೆ ಕೊಲೆ ಎಂದೇ ಬರೆದಿದ್ದವು. ಜೀವ ಹೋದದ್ದು ಮಧ್ಯಾಹ್ನ ಮೂರಕ್ಕೂ ಮೊದಲೇ ಎಂಬ ಡಾಕ್ಟರ ವರದಿ ಆಕೆಯ ಕೈ ಸೇರಿದ್ದು ಇವತ್ತು ಬೆಳಿಗ್ಗೆ. ಅದನ್ನು ಆಕೆ ಮೇಲಿನವರಿಗೂ ತೋರಿಸಿರಲಿಲ್ಲ.

“ಮಧ್ಯಾಹ್ನ ಅಂತ ನಿಮಗೆ ಹೇಳಿದವರು ಯಾರು?” ಎಂದು ಕೇಳಿದಳು.

ಅವನು ಕೋರ್ಟಿನ ಕಾಗದ ಮಡಿಸುತ್ತ ಬಾಗಿಲ ಕಡೆ ತಿರುಗಿದ. ಜೀಪಿನ ಡ್ರೈವರ್ ಆಗಲೇ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಆಕೆ ಠಾಣೆಗೆ ಫೋನು ಮಾಡಿ ವಾಚ್‌ಮನ್ನನ್ನು ತಾನು ಬರುವವರೆಗೆ ಹೊರಡಿಸಕೂಡದು, ಐದಕ್ಕೆ ನ್ಯಾಯಾಧೀಶರ ಮುಂದೆ ತಾನೇ ನಿಲ್ಲುತ್ತೇನೆ ಎಂದಳು. ಒಂಬತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಮಗಳ ಹೆಗಲು ತಟ್ಟಿದಳು.

“ಒಳ್ಳೇ ಸಮಯಕ್ಕೆ ಒಳ್ಳೇ ಸುಳ್ಳು ಹೇಳಿದೆಯಮ್ಮ. ಅದಕ್ಕೇ ಅವನು ಬಾಯಿ ಬಿಟ್ಟಿದ್ದು.”

“ಸುಳ್ಳಾ?” ಎಂದಳು ಮಗಳು.

ಅವಳು ಮೇಜಿನ ಡ್ರಾಯರಿನಿಂದ ಒಂದು ಹಾಳೆ ತಂದುಕೊಟ್ಟಳು. ಚಕ್ರದ ನೇರ ನೋಡಿದ ಮೇಲೆ ಯಂತ್ರ ತಾನಾಗಿ ಅಚ್ಚು ಹಾಕಿ ಕೊಡುವ ಹಾಳೆ. ಮೇಲೆ ಅಂದಿನ ತಾರೀಖು, ಪಕ್ಕದಲ್ಲಿ ಸಮಯ: ಸಂಜೆ ಐದು ನಲವತ್ತೊಂದು. ಕೆಳಗೆ ಗಾಡಿ ಒಯ್ದವರ ಸಹಿ. ಒಂಬತ್ತು ದಿನದಿಂದ ನೂರಾರು ಕಾಗದದಲ್ಲಿ ನೋಡಿ ನೋಡಿ ಇನ್ಸ್‌ಪೆಕ್ಟರಿಗೆ ಪರಿಚಯವಾಗಿಬಿಟ್ಟಿದ್ದ ಸಹಿ, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಹೆಸರಿನ ಕೆಳಗೆ ಗೆರೆ ಹಾಕುವ ಗಿರಣಿಯಮ್ಮನ ಸಹಿ.

ಲಕೋಟೆ ಹಿಡಿದಿದ್ದ ಆಕೆಯ ಕೈ ತಣ್ಣಗಾಯಿತು.

“ಹೋಗುವಾಗ ನನ್ನ ಕೆನ್ನೆ ಸವರಿ ಹೋದ್ರು ಮೇಡಂ,” ಎಂದಳು ಮಗಳು. “ಕೈ ಬೆಚ್ಚಗಿತ್ತು.”